ಬುಡಾಪೆಸ್ಟ್‌ಗೆ ಹೊರಟಿದ್ದೀರಾ? ಮೊದಲು ದಡ ಆರಿಸಿಕೊಳ್ಳಿ

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ ರೂಮು ಹುಡುಕುವಾಗ ಮೊದಲು ತೀರ್ಮಾನ ಮಾಡಬೇಕಾದ್ದು ನದಿಯ ಯಾವ ದಡದಲ್ಲಿ ಉಳಿಯಬೇಕು ಅನ್ನೋದನ್ನು. ನಡುವೆ ಡ್ಯಾನ್ಯೂಬ್ ಹರಿಯುತ್ತದೆ. ಪಶ್ಚಿಮಕ್ಕೆ ಗುಡ್ಡಗಳ ಬುಡಾ, ಪೂರ್ವಕ್ಕೆ ಬಯಲಿನ ಪೆಸ್ಟ್. ಬುಡಾ, ಪೆಸ್ಟ್ ಮತ್ತು ಓಬುಡಾ ಎಂಬ ಮೂರು ಊರುಗಳು ಸೇರಿ ಒಂದೇ ನಗರವಾಗಿದ್ದು 1873ರಲ್ಲಿ. ಆದರೂ ಎರಡೂ ದಡದವರು ಒಬ್ಬರ ಕಾಲನ್ನೊಬ್ಬರು ಎಳೆಯುವುದನ್ನು ಬಿಟ್ಟಿಲ್ಲ.

ನಾವು ಉಳಿದಿದ್ದು ಪೆಸ್ಟ್‌ನಲ್ಲಿ. ಮನೆಯೊಡತಿ ನಕ್ಕು, “ಬುಡಾದಲ್ಲಿ ಎಂಟು ಗಂಟೆಗೇ ಎಲ್ಲರೂ ಮಲಗಿಬಿಡ್ತಾರೆ” ಅಂದರು. ಮರುದಿನ ಬುಡಾದ ಕಾಫಿ ಅಂಗಡಿಯವರಿಗೆ ಅದನ್ನೇ ಹೇಳಿದೆವು. “ಪೆಸ್ಟ್‌ನವರಿಗೆ ಆ ಗಲಾಟೆಯಲ್ಲಿ ನಿದ್ದೆ ಬಂದರೆ ತಾನೇ? ಅಲ್ಲಿಂದ ನೋಡೋಕೆ ಚೆನ್ನಾಗಿರೋದು ಒಂದೇ, ನಮ್ಮ ಗುಡ್ಡ” ಅಂತ ಅವರ ಉತ್ತರ. ಇಬ್ಬರೂ ಹೇಳಿದ್ದು ಸುಳ್ಳಲ್ಲ. ಪೆಸ್ಟ್‌ನಲ್ಲಿ ಅಂಗಡಿ, ಹೋಟೆಲು, ತಡರಾತ್ರಿಯ ಓಡಾಟ ಎಲ್ಲ ಜಾಸ್ತಿ. ಬುಡಾದಲ್ಲಿ ಮರಗಳು, ಏರುದಾರಿ, ಶಾಂತಿ. ಮೊದಲ ಸಲ ಹೋಗುವವರಿಗೆ ಪೆಸ್ಟೇ ಅನುಕೂಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರಂತೂ ಬೇರೆ ಯೋಚನೆಯೇ ಬೇಡ, ನೆಲ ಸಮತಟ್ಟು.

ಬುಕ್ ಮಾಡುವಾಗ ವಿಳಾಸದ ಪಿನ್‌ಕೋಡ್ ನೋಡಿ. ನಾಲ್ಕು ಅಂಕಿಗಳಲ್ಲಿ ನಡುವಿನ ಎರಡು ಅಂಕಿ ಜಿಲ್ಲೆಯ, ಅಂದರೆ ನಗರದ ವಿಭಾಗದ ಸಂಖ್ಯೆ. 1052 ಅಂದರೆ 5ನೇ ಜಿಲ್ಲೆ, ಪೆಸ್ಟ್‌ನ ನಡುಮಧ್ಯೆ. 1, 2, 3, 11, 12 ಮತ್ತು 22 ಬಂದರೆ ಬುಡಾ ಕಡೆ. “ನದಿಯ ಹತ್ತಿರ” ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ, ಯಾವ ಕಡೆ ಅಂತ ಹೇಳಿರುವುದಿಲ್ಲ.

ಇನ್ನು ಬೆಳಕಿನ ಲೆಕ್ಕ. ಫೋಟೋ ತೆಗೆಯುವವರಿಗೆ ಇದು ಮುಖ್ಯ. ಬೆಳಗಿನ ಬಿಸಿಲು ಬುಡಾದ ಅರಮನೆಯ ಮುಖಕ್ಕೆ ಬೀಳುತ್ತದೆ, ಹಾಗಾಗಿ ಬೆಳಿಗ್ಗೆ ಪೆಸ್ಟ್ ದಡದಲ್ಲಿರಿ. 2ನೇ ನಂಬರಿನ ಟ್ರಾಮ್ ಈ ದಡದುದ್ದಕ್ಕೂ ಓಡುತ್ತದೆ. ನದಿ ಕಡೆಯ ಕಿಟಕಿ ಸಿಕ್ಕಿದರೆ ದೋಣಿ ವಿಹಾರಕ್ಕೆ ದುಡ್ಡು ಕೊಡಬೇಕು ಅನ್ನಿಸುವುದೇ ಇಲ್ಲ. ಸಂಜೆ ಬಿಸಿಲು ತಿರುಗಿ ಪೆಸ್ಟ್‌ನ ಸಂಸತ್ ಭವನದ ಮೇಲೆ ಬೀಳುತ್ತದೆ. ಆಗ ಕೊಶುತ್ ಚೌಕದಲ್ಲಿ ಮೆಟ್ರೋ 2 ಹತ್ತಿ ಒಂದೇ ಸ್ಟೇಷನ್ ಹೋಗಿ. ರೈಲು ನದಿಯ ಅಡಿಯಲ್ಲೇ ದಾಟಿ ಬತ್ಯಾನಿ ಚೌಕಕ್ಕೆ ಬರುತ್ತದೆ. ಮೇಲೆ ಬಂದರೆ ಸಂಸತ್ ಭವನ ನೇರ ಎದುರಿಗೆ.

ಬುಡಾ ಗುಡ್ಡದ ಮೇಲೆ ನಿಂತು ನಗರ ನೋಡುವ ಜಾಗವಾದ ಮೀನುಗಾರರ ಕೊತ್ತಲಕ್ಕೆ (ಫಿಷರ್‌ಮನ್ಸ್ ಬ್ಯಾಸ್ಟಿಯನ್) ಮಾತ್ರ ಈ ಲೆಕ್ಕ ಬೇಡ, ಬೆಳಿಗ್ಗೆ ಬೇಗ ಹೋಗಿಬಿಡಿ. ಬಿಸಿಲು ಕ್ಯಾಮೆರಾಗೆ ಎದುರಾಗುತ್ತದೆ ನಿಜ, ಆದರೆ ಜನ ಇರುವುದಿಲ್ಲ. ಹತ್ತು ಗಂಟೆಯ ಮೇಲೆ ಅಲ್ಲಿ ಕಾಲಿಡಲೂ ಜಾಗವಿಲ್ಲ. ಮೇಲಿನ ಅಂತಸ್ತಿಗೆ ಟಿಕೆಟ್ ಇದೆ, ಕೆಳಗೆ ಉಚಿತ. ನೋಟದಲ್ಲಿ ಅಂಥ ವ್ಯತ್ಯಾಸ ಇಲ್ಲ. ಗುಡ್ಡ ಹತ್ತಲು 1870ರ ಕಾಲದ ಹಗ್ಗದ ರೈಲಿದೆ. ಚೆಂದವಾಗಿದೆ, ಕ್ಯೂ ಉದ್ದ, ಬೆಲೆಯೂ ಹೆಚ್ಚು. ದೆಯಾಕ್ ಚೌಕದಿಂದ ಹೊರಡುವ 16ನೇ ನಂಬರ್ ಬಸ್ಸು ಮಾಮೂಲಿ ಟಿಕೆಟ್ಟಿನಲ್ಲೇ ಅಲ್ಲಿಗೆ ಬಿಡುತ್ತದೆ.

ಆ ಬಸ್ಸು ದಾಟುವುದು ಸರಪಳಿ ಸೇತುವೆಯನ್ನು. ಒಂದು ಸಲವಾದರೂ ನಡೆದೇ ದಾಟಿ. ಅದಕ್ಕೆ ಮೊದಲು ಇಲ್ಲಿ ದೋಣಿಗಳನ್ನು ಜೋಡಿಸಿದ ಸೇತುವೆ ಇತ್ತು, ಚಳಿಗಾಲ ಬಂದರೆ ಅದನ್ನೂ ಬಿಚ್ಚಿಡುತ್ತಿದ್ದರು. 1820ರಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಾಗ ಹಂಗೇರಿಯ ಸಿರಿವಂತ ಮನೆತನದ ಕೌಂಟ್ ಇಸ್ತ್ವಾನ್ ಸೆಚೆನಿ ಮಂಜುಗಡ್ಡೆಯ ಕಾಟದಿಂದ ಒಂದು ವಾರ ದಡದಲ್ಲೇ ಕಾಯಬೇಕಾಯಿತಂತೆ. ಮುಂದೆ ಶಾಶ್ವತ ಸೇತುವೆಗೆ ಪಟ್ಟು ಹಿಡಿದವರು ಅವರೇ. 1849ರಲ್ಲಿ ಸೇತುವೆ ತೆರೆಯಿತು. ತೆರಿಗೆಯನ್ನೇ ಕಟ್ಟದಿದ್ದ ಶ್ರೀಮಂತ ದೊರೆಗಳೂ ಸುಂಕ ಕೊಟ್ಟೇ ದಾಟಬೇಕಿತ್ತು ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ. 1945ರ ಜನವರಿಯಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುವಾಗ ಅದನ್ನು ಉಡಾಯಿಸಿತು. ನಗರದ ಸೇತುವೆಗಳೆಲ್ಲ ಆ ಯುದ್ಧದಲ್ಲಿ ಬಿದ್ದವು. ನೂರು ವರ್ಷ ತುಂಬುವ ಹೊತ್ತಿಗೆ, 1949ರಲ್ಲಿ, ಮತ್ತೆ ಕಟ್ಟಿದರು. ಈಗ ಅದರ ಮೇಲೆ ಖಾಸಗಿ ಕಾರುಗಳಿಗೆ ಬಿಡುವುದಿಲ್ಲ, ಆರಾಮಾಗಿ ನಡೆಯಬಹುದು.

ಎರಡು ದಡಗಳ ಪೈಪೋಟಿಯಲ್ಲಿ ನೋಡಲೇಬೇಕಾದ್ದು ಬಿಸಿನೀರಿನ ಸ್ನಾನ. ಬುಡಾ ಕಡೆ ಗುಡ್ಡದ ಬುಡದಲ್ಲಿ ಬಿಸಿನೀರು ತಾನಾಗಿಯೇ ಉಕ್ಕುತ್ತದೆ. ಪೆಸ್ಟ್‌ಗೆ ಆ ಭಾಗ್ಯ ಇರಲಿಲ್ಲ. ಹಾಗಂತ ಸುಮ್ನೆ ಕೂತರಾ? 1868ರಲ್ಲಿ ಕೊರೆಯಲು ಶುರುಮಾಡಿ, ಹತ್ತು ವರ್ಷ ಬಿಡದೆ 970 ಮೀಟರ್ ಇಳಿದು ನೀರು ತೆಗೆದರು. ನಮ್ಮ ಬೋರ್‌ವೆಲ್ ಲೆಕ್ಕದಲ್ಲಿ 3,180 ಅಡಿ! ಕೋಲಾರದವರೂ ತಲೆದೂಗಬೇಕು. ಆ ಹಠದ ಫಲವೇ 1913ರ ಸೆಚೆನಿ ಸ್ನಾನಗೃಹ. ಹಳದಿ ಕಟ್ಟಡ, ದೊಡ್ಡ ಬಯಲು ಕೊಳ, ನೀರಲ್ಲೇ ನಿಂತು ಚೆಸ್ ಆಡುವ ತಾತಂದಿರು. ಬುಡಾದ ರುದಾಶ್ ತುರ್ಕರ ಕಾಲದ್ದು, ಗುಮ್ಮಟದ ಕೆಳಗೆ ಎಂಟು ಮೂಲೆಯ ಕೊಳ. ಮಕ್ಕಳಿಲ್ಲದೆ ಹೋಗುವುದಾದರೆ ನನ್ನ ಓಟು ರುದಾಶ್‌ಗೆ. ಅದರ ತುರ್ಕಿ ಭಾಗದಲ್ಲಿ ಗಂಡಸರ ದಿನ, ಹೆಂಗಸರ ದಿನ ಅಂತ ಇರುತ್ತದೆ, ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ಹಳೆಯ ಬ್ಲಾಗುಗಳು ಹೊಗಳುವ ಗೆಲ್ಲೆರ್ಟ್ ಸ್ನಾನಗೃಹ ದುರಸ್ತಿಗೆಂದು 2025ರ ಅಕ್ಟೋಬರಿನಿಂದ ಮುಚ್ಚಿದೆ. ಎಲ್ಲೇ ಹೋದರೂ ಹವಾಯಿ ಚಪ್ಪಲಿ, ಟವೆಲ್ ನಿಮ್ಮದೇ ಇರಲಿ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಕೇಳಿ ತಿನ್ನಿ. ಲಾಂಗೋಶ್ ಅಂತ ಕರಿದ ರೊಟ್ಟಿ ಸಿಗುತ್ತದೆ, ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮ್, ಚೀಸ್. ಹೊಟ್ಟೆ ಗಟ್ಟಿಯಾಗುತ್ತದೆ. ಫೊಜೆಲೇಕ್ ಅನ್ನುವ ತರಕಾರಿ ಗೊಜ್ಜು ಹೆಸರಿಗೆ ಸಸ್ಯಾಹಾರ, ಕೆಲವೆಡೆ ಮಾಂಸದ ತುಂಡು ಮೇಲಿಟ್ಟು ಕೊಡುತ್ತಾರೆ. ಭಾರತೀಯ ಹೋಟೆಲುಗಳು ಹೆಚ್ಚಾಗಿ ಪೆಸ್ಟ್‌ನಲ್ಲೇ ಇವೆ.

ದುಡ್ಡಿನ ವಿಷಯ: ಷೆಂಗೆನ್ ವೀಸಾ ಸಾಕು, ಆದರೆ ಇಲ್ಲಿನ ಹಣ ಯೂರೋ ಅಲ್ಲ, ಫೋರಿಂಟ್. ಕಾರ್ಡ್ ಮಿಷನ್ ಯೂರೋನಾ ಫೋರಿಂಟಾ ಅಂತ ಕೇಳಿದರೆ ಫೋರಿಂಟ್ ಒತ್ತಿ. ಏರ್‌ಪೋರ್ಟಿನ 100ಇ ಬಸ್ಸಿಗೆ ಬೇರೆಯೇ ಟಿಕೆಟ್. ಊರೊಳಗೆ 72 ಗಂಟೆಯ ಪಾಸ್ ತಗೊಂಡರೆ ಎರಡು ದಡಕ್ಕೂ ಎಷ್ಟು ಸಲ ಬೇಕಾದರೂ ಓಡಾಡಬಹುದು. ಕಾಗದದ ಬಿಡಿ ಟಿಕೆಟ್ ತಗೊಂಡರೆ ಮೆಟ್ರೋಗೆ ಇಳಿಯುವ ಮುಂಚೆ ಮಿಷನ್ನಿನಲ್ಲಿ ಮುದ್ರೆ ಹಾಕಿಸಿ. ತಪಾಸಣೆಯವರು ಪ್ರವಾಸಿ ಅಂತ ರಿಯಾಯಿತಿ ತೋರಿಸುವುದಿಲ್ಲ.

ಒಂದು ದಿನ ಉಳಿದರೆ ಓಬುಡಾಕ್ಕೆ ಹೋಗಿ. ಬುಡಾ ಮೇಲೋ ಪೆಸ್ಟ್ ಮೇಲೋ ಅನ್ನುವ ಜಗಳದಲ್ಲಿ ಅದರ ಹೆಸರೇ ಬರುವುದಿಲ್ಲ, ಆದರೆ ಎಲ್ಲರಿಗಿಂತ ಹಳಬರು ಅವರೇ. ಬತ್ಯಾನಿ ಚೌಕದಿಂದ ಎಚ್5 ಲೋಕಲ್ ರೈಲು ಹಿಡಿದು ಅಕ್ವಿಂಕುಮ್‌ನಲ್ಲಿ ಇಳಿದರೆ ರೋಮನ್ನರ ಊರಿನ ಅವಶೇಷಗಳಿವೆ. ನಗರದ ಪಾಸ್ ಇದಕ್ಕೂ ನಡೆಯುತ್ತದೆ. ಸೋಮವಾರ ಮ್ಯೂಸಿಯಂ ರಜೆ.