ಬಾಣನ ಊಟದ ಲೆಕ್ಕ: ಮಾರ್ಚ್‌ನಿಂದ ಜುಲೈವರೆಗೆ

ಮಾರ್ಚ್ ಕೊನೆ

ಬಾಣ ನಮ್ಮ ನಾಯಿ, ಮುಧೋಳ ಬೇಟೆನಾಯಿಯ ಬೆರಕೆ. ಆಳಂದ ಕಡೆಯ ಕುರಿಗಾರರ ಹಟ್ಟಿಯಲ್ಲಿ ಹುಟ್ಟಿದವನು. ವಯಸ್ಸು ಮೂರು, ಸಂತಾನಹರಣ ಆಗಿದೆ. ಕಲಬುರಗಿ ಗಂಜ್‌ನಲ್ಲಿ ನಮ್ಮ ಕಾಕಾನ ಅಡತಿ (ಧಾನ್ಯದ ದಲಾಲಿ ಅಂಗಡಿ) ಇರುವುದರಿಂದ ತೂಕಕ್ಕೆ ಚಿಂತೆಯಿಲ್ಲ. ತೊಗರಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರೆ 18.6 ಕಿಲೋ ಬಂತು. ಹಮಾಲರಿಗೆ ಒಳ್ಳೆ ಮಜಾ. "ಇದಕ್ಕ ಉಣ್ಣಾಕ ಹಾಕ್ತೀರೋ ಇಲ್ಲೋ?" ಹಾಕುತ್ತೇವೆ. ಅವನು ಮೂಸಿ ನೋಡಿ ಮಂಚದ ಕೆಳಗೆ ಹೋಗಿ ಮಲಗುತ್ತಾನೆ.

ಮೊದಲು ಡಾಕ್ಟರ್ ಹತ್ತಿರ ಹೋದೆವು. ಚೆನ್ನಾಗಿ ತಿನ್ನುತ್ತಿದ್ದ ನಾಯಿ ಒಮ್ಮೆಲೇ ಊಟ ಬಿಡುವುದು ಬೇರೆ, ಮೊದಲಿನಿಂದಲೂ ಆರಿಸಿ ತಿನ್ನುವುದು ಬೇರೆ. ಆದರೂ ನಮ್ಮ ಕಡೆ ರಕ್ತ ಹೀರುವ ಉಣ್ಣೆಹುಳದ ಕಾಟ ಜಾಸ್ತಿ, ಉಣ್ಣೆಯಿಂದ ಬರುವ ಎರ್ಲಿಕಿಯಾ ಜ್ವರ ಹಸಿವನ್ನೇ ಕೊಲ್ಲುತ್ತದೆ. ರಕ್ತ, ಮಲ, ಹಲ್ಲು ಎಲ್ಲಾ ನೋಡಿದರು, ಎಲ್ಲಾ ಸರಿ ಇದೆ. ಜಂತಿನ ಗುಳಿಗೆ ಕೊಟ್ಟರು. ಕೊನೆಗೆ ಅವರು ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು: ಬೇಟೆನಾಯಿ ತಳಿಗೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ರೋಗವಲ್ಲ. ಬೆನ್ನಿನ ಮೇಲೆ, ತೊಡೆಯಲ್ಲಿ ಮಾಂಸಖಂಡ ಇದೆಯೋ ಇಲ್ಲವೋ ಕೈಯಿಂದ ಒತ್ತಿ ನೋಡಬೇಕು. ಬಾಣನ ಬೆನ್ನು ಸ್ವಲ್ಪ ಇಳಿದಿತ್ತು. ಗುರಿ 20 ಕಿಲೋ. ಲ್ಯಾಬ್ರಡಾರ್ ಮಾಡುವ ಆಸೆ ನನಗಿಲ್ಲ.

ಏಪ್ರಿಲ್ ಮೊದಲ ವಾರ

ಅಡುಗೆ ಬದಲಿಸುವ ಮೊದಲು ಅವನ ಬಾಯಿಗೆ ಹೋಗುವುದನ್ನೆಲ್ಲ ಬರೆದಿಡಲು ಶುರುಮಾಡಿದೆ. ಈ ಪಟ್ಟಿಯೇ ಅರ್ಧ ಉತ್ತರ ಕೊಟ್ಟಿತು. ತಾಟಿನಲ್ಲಿ ಇಟ್ಟದ್ದು ಹಾಗೇ ಉಳಿದಿದೆ. ಚಹಾದ ಹೊತ್ತಿಗೆ ಅವ್ವನ ಕೈಯಿಂದ ಗ್ಲೂಕೋಸ್ ಬಿಸ್ಕಿಟ್, ಮಧ್ಯಾಹ್ನ ಅಪ್ಪನಿಂದ ರೊಟ್ಟಿ ತುದಿಗೆ ತುಪ್ಪ ಹಚ್ಚಿದ್ದು, ಸಂಜೆ ಓಣಿಯ ಹುಡುಗರಿಂದ ಮತ್ತೆ ಬಿಸ್ಕಿಟ್.

20 ಕಿಲೋ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 660 ಕ್ಯಾಲೊರಿ ಬೇಕು. ಸಂತಾನಹರಣ ಆಗಿ ಸಾಧಾರಣ ಓಡಾಡುವ ನಾಯಿಗೆ ಅದರ 1.6 ಪಟ್ಟು, ಅಂದರೆ 1050ರ ಆಸುಪಾಸು. ಇಂಥ ಮೇಲುತಿಂಡಿ ಅದರಲ್ಲಿ ಹತ್ತನೇ ಒಂದು ಭಾಗ ದಾಟಬಾರದು. 50 ಗ್ರಾಂ ಗ್ಲೂಕೋಸ್ ಬಿಸ್ಕಿಟ್ಟಿನಲ್ಲೇ 225ರಷ್ಟು ಕ್ಯಾಲೊರಿ. ಇವನು ಹಟಮಾರಿ ಅಲ್ಲ, ಹೊಟ್ಟೆ ತುಂಬಿದವನು. ಅದೂ ಸಕ್ಕರೆ, ಮೈದಾದಿಂದ.

ಅವ್ವನ ಮುಂದೆ ಲೆಕ್ಕ ಇಟ್ಟೆ. "ಎಲುವು ಕಾಣ್ಲತ್ತಾವ, ನೀ ಬರೇ ಬರ್ಕೋಂತ ಕೂಡು" ಅಂದಳು. ಬೈದು ಪ್ರಯೋಜನವಿಲ್ಲ, ಅವಳಿಗೆ ಅವನಿಗೆ ಕೈಯಾರೆ ಏನಾದರೂ ಕೊಡಬೇಕು, ಅಷ್ಟೇ. ಒಂದು ಸಣ್ಣ ಡಬ್ಬಿಯಲ್ಲಿ ಅವನ ಪಾಲಿನ ಬೇಯಿಸಿದ ಚಿಕನ್ನನ್ನೇ ಸಣ್ಣ ಚೂರು ಮಾಡಿ ತುಂಬಿ ದಿನಾ ಬೆಳಿಗ್ಗೆ ಅವಳ ಕೈಗೆ ಕೊಡುತ್ತೇನೆ. ಡಬ್ಬಿ ಖಾಲಿಯಾದರೆ ಅಂದಿನ ದಾನ ಮುಗಿಯಿತು.

ಏಪ್ರಿಲ್ ಕೊನೆ

ದಿನದ ಅಳತೆ ಈಗ ಹೀಗಿದೆ: ಬೇಯಿಸಿದ ಎಲುಬಿಲ್ಲದ ಚಿಕನ್ 300 ಗ್ರಾಂ, ಅನ್ನ 250 ಗ್ರಾಂ, ಒಂದು ಕುದಿಸಿದ ತತ್ತಿ, ಒಂದು ಜೋಳದ ರೊಟ್ಟಿ, ಮೇಲೆ ಸ್ವಲ್ಪ ಕುಂಬಳಕಾಯಿ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಅದಕ್ಕೆ ತತ್ತಿಯ ಸಿಪ್ಪೆ ಒಣಗಿಸಿ ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಮಾಡಿ, ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು ಬೆರೆಸುತ್ತೇನೆ. ಸತು, ಅಯೋಡಿನ್, ವಿಟಮಿನ್ ಡಿ ಮನೆಯಡುಗೆಯಲ್ಲಿ ಸಾಲದು ಎಂದು ಡಾಕ್ಟರ್ ಒಂದು ಪುಡಿ ಬರೆದುಕೊಟ್ಟಿದ್ದಾರೆ. ಹಳೆಯ ಊಟದಿಂದ ಹೊಸದಕ್ಕೆ ಒಂದು ವಾರದ ಮೇಲೆ ಹಿಡಿದು ನಿಧಾನ ಬದಲಿಸಿದ್ದರಿಂದ ಹೊಟ್ಟೆ ಕೆಡಲಿಲ್ಲ.

ನಮ್ಮ ಸಾರು ಸುರಿದರೆ ನೆಕ್ಕಿ ನೆಕ್ಕಿ ತಿಂದಾನು, ಗೊತ್ತು. ಆದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಸಾರು ನಮ್ಮ ಮನೆಯಲ್ಲಿ ಎಲ್ಲಿ? ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಕುದಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಮಣೂಕ (ಒಣದ್ರಾಕ್ಷಿ) ಮೂತ್ರಪಿಂಡಕ್ಕೆ ಕೇಡು. ಬೇಯಿಸಿದ ಎಲುಬು ಸೀಳಿ ಚೂಪಾಗುತ್ತದೆ. ಓಣಿಯ ಹುಡುಗರಿಗೆ ಈ ಮೂರನ್ನೂ ಬಾಯಿಪಾಠ ಮಾಡಿಸಿದ್ದೇನೆ.

ಮೇ

ಬಿಸಿಲು 42, 43. ಇಲ್ಲಿ ಎಲ್ಲಾ ತಲೆಕೆಳಗಾಯಿತು. ಬಿಸ್ಕಿಟ್ ನಿಂತಿದೆ, ಊಟವೂ ಒಳ್ಳೆಯದಿದೆ, ಆದರೂ ಬೆಳಿಗ್ಗೆ ಹತ್ತಕ್ಕೆ ಇಟ್ಟ ತಾಟು ಹಾಗೇ. ಅಂಗಳದ ಶಹಾಬಾದ್ ಫರಸಿ ಅಷ್ಟೊತ್ತಿಗೆ ಕಾಲಿಡಲಾಗದಷ್ಟು ಕಾದಿರುತ್ತದೆ. ನಾಯಿ ಮೈಬಿಸಿಯನ್ನು ಮುಖ್ಯವಾಗಿ ತೇಕಿಯೇ ಕಳೆಯಬೇಕು, ಉಂಡದ್ದು ಅರಗುವಾಗಲೂ ಮೈಯಲ್ಲಿ ಬಿಸಿ ಏಳುತ್ತದೆ. ಆ ಹೊತ್ತಿನಲ್ಲಿ ನನಗೇ ಮಜ್ಜಿಗೆ ಬಿಟ್ಟು ಬೇರೆ ಏನೂ ಇಳಿಯುವುದಿಲ್ಲ.

ಹಾಗಾಗಿ ಊಟವನ್ನು ಬಿಟ್ಟು ಹೊತ್ತು ಬದಲಿಸಿದೆ. ಬೆಳಗಿನ ಐದೂವರೆ, ರಾತ್ರಿ ಒಂಬತ್ತೂವರೆ. ಎರಡೂ ಒಳಮನೆಯಲ್ಲಿ, ಫ್ಯಾನ್ ಕೆಳಗೆ. ಫ್ರಿಜ್ಜಿನಿಂದ ತೆಗೆದದ್ದನ್ನು ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡುತ್ತೇನೆ. ನಾಯಿಗೆ ನಾಲಿಗೆಗಿಂತ ಮೂಗು ದೊಡ್ಡದು, ತಣ್ಣಗಿನ ಚಿಕನ್‌ಗೆ ವಾಸನೆಯೇ ಏಳುವುದಿಲ್ಲ. ಆಳವಾದ ಸ್ಟೀಲ್ ಬಟ್ಟಲಿಗೆ ಕೊರಳಪಟ್ಟಿಯ ಬಿಲ್ಲೆ ಟಣ್ ಎಂದು ಬಡಿದಾಗಲೆಲ್ಲ ಹಿಂದೆ ಸರಿಯುತ್ತಿದ್ದ, ಅದನ್ನು ತೆಗೆದು ಅಜ್ಜಿಯ ಕಾಲದ ಅಗಲ ಗಂಗಾಳ ಇಟ್ಟೆ. ಇಪ್ಪತ್ತು ನಿಮಿಷ ಆದ ಮೇಲೆ ಉಳಿದದ್ದು ಎತ್ತಿಡುವುದು. ಗೋಗರೆಯುವುದಿಲ್ಲ, ಕೈತುತ್ತು ಇಲ್ಲ, ತಿಂದರೆ ಶಭಾಷ್ ಅನ್ನುವುದೂ ಇಲ್ಲ.

ಮೊದಮೊದಲು ಅರ್ಧ ಬಿಟ್ಟ. ಅವ್ವ ಡಬ್ಬಿ ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದಳು. ತಿಂಗಳ ಕೊನೆಗೆ ರಾತ್ರಿಯ ಗಂಗಾಳ ತೊಳೆದಂತೆ ಖಾಲಿ, ಬೆಳಗಿನದು ಮುಕ್ಕಾಲು. ಕಾಟಾದಲ್ಲಿ 19.1. ಕಾಕಾ ತನ್ನ ಅಡತಿ ಡೈರಿಯಲ್ಲೇ ತೂಕ ಬರೆದುಕೊಂಡಿದ್ದಾನೆ, ತೊಗರಿ ಲಾಟ್‌ಗಳ ನಡುವೆ.

ಜೂನ್

ಮಳೆ ಬಿದ್ದ ಮೇಲೆ ಬೆಳಗಿನ ಊಟ ತಾನಾಗಿ ಸರಿಹೋಯಿತು. ಚಿಕನ್ ಕಡಿಮೆ ಮಾಡಿ, ಪ್ರೋಟೀನಿಗೆಂದು ಅದರ ಬದಲು ತೊಗರಿ ಬ್ಯಾಳಿ ಹಾಕಿ ನೋಡಿದೆ. ಬರೀ ಅರಿಶಿನ ಹಾಕಿ ಕುದಿಸಿದ್ದು, ಒಗ್ಗರಣೆ ಇಲ್ಲ. ಖುಷಿಯಿಂದ ತಿಂದ. ರಾತ್ರಿ ಅವನ ಹತ್ತಿರ ಮಲಗುವವರಿಗೆ ಮಾತ್ರ ಕಷ್ಟ ಆಯಿತು. ಈಗ ಬ್ಯಾಳಿ ವಾರಕ್ಕೊಮ್ಮೆ, ಎರಡು ಚಮಚ.

ಜುಲೈ

19.8. ಬೆನ್ನು ತುಂಬಿದೆ, ಹಿಂದಿನ ಎರಡು ಪಕ್ಕೆಲುಬು ಈಗಲೂ ಕಾಣುತ್ತವೆ, ಕಾಣಲಿ. ಜೋಳದ ರೊಟ್ಟಿ ಒಣಗಿದ್ದರೆ ಮೂಸುವುದೂ ಇಲ್ಲ, ಚಿಕನ್ ಕುದಿಸಿದ ನೀರಿನಲ್ಲಿ ನೆನೆಸಿದರೆ ಮೊದಲು ಅದನ್ನೇ ತಿನ್ನುತ್ತಾನೆ. ಕುಂಬಳಕಾಯಿ ಇನ್ನೂ ಆರಿಸಿ ಪಕ್ಕಕ್ಕಿಡುತ್ತಾನೆ. ಮುಂದಿನ ವಾರ ಗಜ್ಜರಿ ತುರಿದು ಹಾಕಿ ನೋಡಬೇಕು.

ಆಗಸ್ಟಿನಲ್ಲಿ ಬೀದರಿನ ಅಕ್ಕನ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ, ಬಾಣನೂ ಬರುತ್ತಾನೆ. ಅಲ್ಲಿ ಮೂರು ಮಕ್ಕಳು, ಮೂವರ ಕೈಯಲ್ಲೂ ಯಾವಾಗಲೂ ಬಿಸ್ಕಿಟ್. ಒಂದೊಂದು ಹೊತ್ತಿನ ಊಟ ತೂಗಿ ಪೊಟ್ಟಣ ಕಟ್ಟಿ ಐಸ್ ಡಬ್ಬಿಯಲ್ಲಿ ಒಯ್ಯುತ್ತೇನೆ. ಗಂಗಾಳವನ್ನೂ ಒಯ್ಯಬೇಕು. ಚಿಕನ್ ಚೂರಿನ ಡಬ್ಬಿ ಅಕ್ಕನ ಕೈಗೋ ಮಕ್ಕಳ ಕೈಗೋ ಎಂಬುದರ ಬಗ್ಗೆ ಅವ್ವ ಮತ್ತು ನನ್ನ ನಡುವೆ ಇನ್ನೂ ಮಾತುಕತೆ ನಡೆದಿದೆ.