ಮೂರಕ್ಕೆ ರಾಜರು, ಒಂಬತ್ತಕ್ಕೆ ನೆಸ್ಸಾ

ಡಿಸೆಂಬರ್ 25ಕ್ಕೆ ಲಂಡನ್‌ನಲ್ಲಿ ಟ್ಯೂಬ್ ಅನ್ನುವ ಮೆಟ್ರೋ ರೈಲೂ ಇಲ್ಲ, ಬಸ್ಸೂ ಇಲ್ಲ. ಎಲ್ಲರೂ ಮನೆಯಲ್ಲೇ. 2024ರಲ್ಲಿ ಪಕ್ಕದ ಮನೆ ಅಜ್ಜಿ ನಮ್ಮನ್ನು ಊಟಕ್ಕೆ ಕರೆದರು. ಊಟ ಆದ ಮೇಲೆ ಸ್ವಲ್ಪ ಟಿವಿ ನೋಡೋಣ ಅಂದಿದ್ದರು. ಆ ಸ್ವಲ್ಪ ಅನ್ನುವುದು ರಾತ್ರಿ ಹತ್ತೂವರೆ ದಾಟುತ್ತದೆ ಅಂತ ನಮಗೇನು ಗೊತ್ತು!

ಸೋಫಾ ಮೇಲೆ ದಪ್ಪನೆಯ ‘ರೇಡಿಯೋ ಟೈಮ್ಸ್’ ಪತ್ರಿಕೆ ಇತ್ತು. ಎರಡು ವಾರದ ಕಾರ್ಯಕ್ರಮಗಳ ಪಟ್ಟಿ ಒಂದೇ ಸಂಚಿಕೆಯಲ್ಲಿ. ಕ್ರಿಸ್‌ಮಸ್‌ಗೆ ಹೀಗೆ ಜೋಡಿ ಸಂಚಿಕೆ ಬರಲು ಶುರುವಾಗಿದ್ದು 1969ರಲ್ಲಿ. ಅಜ್ಜಿ ಹಸಿರು ಪೆನ್ನಲ್ಲಿ ತಮಗೆ ಬೇಕಾದ್ದಕ್ಕೆಲ್ಲ ಸುತ್ತು ಹಾಕಿದ್ದರು, ಎರಡು ಒಂದೇ ಹೊತ್ತಿಗೆ ಬಂದ ಕಡೆ ಪ್ರಶ್ನೆ ಗುರುತು. 1991ರವರೆಗೆ ಇದರಲ್ಲಿ ಬಿಬಿಸಿಯದು ಮಾತ್ರ ಇರುತ್ತಿತ್ತು, ಐಟಿವಿ ಅನ್ನುವ ಖಾಸಗಿ ಚಾನೆಲ್ಲಿನದು ಬೇಕಾದರೆ ‘ಟಿವಿ ಟೈಮ್ಸ್’ ಬೇರೆ ಕೊಳ್ಳಬೇಕಿತ್ತು. ಅಜ್ಜಿಯ ಅಮ್ಮ ಎರಡಕ್ಕೆ ದುಡ್ಡು ದಂಡ ಅಂತ ಒಂದನ್ನೇ ತರುತ್ತಿದ್ದರಂತೆ. ಐಟಿವಿಯಲ್ಲಿ ಏನು ಬರುತ್ತೆ ಅಂತ ಹಾಕಿ ನೋಡಿದ ಮೇಲೇ ಗೊತ್ತಾಗೋದು.

ಮೂರಕ್ಕೆ ಸರಿಯಾಗಿ ಪಾತ್ರೆ ತೊಳೆಯೋದು ನಿಂತಿತು. ಟಿವಿಯಲ್ಲಿ ರಾಜರ ಕ್ರಿಸ್‌ಮಸ್ ಭಾಷಣ. ಎಲ್ಲರ ತಲೆ ಮೇಲೂ, ಇಬ್ಬರು ಎರಡು ತುದಿ ಎಳೆದು ಬಿಚ್ಚುವ ಹಬ್ಬದ ಪೊಟ್ಟಣ ಕ್ರ್ಯಾಕರ್‌ನಲ್ಲಿ ಬಂದ ಕಾಗದದ ಕಿರೀಟ, ನನ್ನದು ಕಣ್ಣಿನವರೆಗೆ ಜಾರಿತ್ತು. ಚಾರ್ಲ್ಸ್ ಆ ವರ್ಷ ಕಾಯಿಲೆ ಬಿದ್ದು ಎದ್ದಿದ್ದರಲ್ಲ, ಡಾಕ್ಟರು ನರ್ಸುಗಳಿಗೆ ಥ್ಯಾಂಕ್ಸ್ ಹೇಳಿದರು. 1957ರಲ್ಲಿ ರಾಣಿಯ ಕ್ರಿಸ್‌ಮಸ್ ಭಾಷಣ ಮೊದಲ ಸಲ ಟಿವಿಯಲ್ಲಿ ಬಂದಾಗ ಅಜ್ಜಿ ಇನ್ನೂ ಪುಟ್ಟ ಹುಡುಗಿ. ಅದೂ ನೇರ ಪ್ರಸಾರ. ಟಿವಿ ಇದ್ದ ಮನೆಗೆ ಬೀದಿಯವರೆಲ್ಲ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿದ್ದರಂತೆ. 1987ರಲ್ಲಿ ನಮ್ಮ ಬೆಂಗಳೂರಿನ ಬೀದಿಯೂ ಭಾನುವಾರ ಬೆಳಿಗ್ಗೆ ‘ರಾಮಾಯಣ’ಕ್ಕೆ ಹಾಗೇ ಒಂದು ಮನೆಗೆ ನುಗ್ಗುತ್ತಿತ್ತು, ಒಳ್ಳೆ ಬಟ್ಟೆ ಮಾತ್ರ ಇರಲಿಲ್ಲ.

ಅಜ್ಜಿ ಇನ್ನೊಂದು ಹಬ್ಬ ನೆನಪಿಸಿಕೊಂಡರು. 1986ರ ಕ್ರಿಸ್‌ಮಸ್ ದಿನ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯಲ್ಲಿ ಡೆನ್ ಅನ್ನುವವನು ಹೆಂಡತಿ ಕೈಗೆ ಡೈವೋರ್ಸ್ ಪೇಪರ್ ಕೊಟ್ಟ. ಮರುಪ್ರಸಾರವೂ ಸೇರಿ 3 ಕೋಟಿ ಜನ ನೋಡಿದ್ದರು, ದೇಶದ ಅರ್ಧಕ್ಕಿಂತ ಜಾಸ್ತಿ. ಹಬ್ಬದ ದಿನ ಡೈವೋರ್ಸಾ ಅಂತ ನಾನಂದೆ. ‘ಅದಿಲ್ಲದಿದ್ದರೆ ನಾವು ನಾವೇ ಜಗಳ ಆಡಬೇಕಿತ್ತಪ್ಪ’ ಅಂತ ಅಜ್ಜಿ ನಕ್ಕರು.

ಸಂಜೆ ‘ವಾಲೇಸ್ ಅಂಡ್ ಗ್ರಾಮಿಟ್’ನ ಹೊಸ ಸಿನಿಮಾ ನನ್ನ ಮಗಳಿಗೆ ಸಿಕ್ಕಾಪಟ್ಟೆ ಇಷ್ಟವಾಯಿತು. ಜೇಡಿಮಣ್ಣಿನ ಗೊಂಬೆಗಳ ಮೇಲೆ ಬೆರಳಚ್ಚು ಕಾಣುತ್ತಿತ್ತು. ನನಗೆ ಅದೇ ಮಜಾ. ಕಂಪ್ಯೂಟರ್ ಚಿತ್ರದಲ್ಲಿ ಅದೆಲ್ಲಿ ಸಿಗಬೇಕು?

ಒಂಬತ್ತಕ್ಕೆ ‘ಗ್ಯಾವಿನ್ ಅಂಡ್ ಸ್ಟೇಸಿ’ ಅನ್ನುವ ಬಿಬಿಸಿ ಹಾಸ್ಯ ಧಾರಾವಾಹಿಯ ಕೊನೆಯ ಕಂತು. 2019ರ ಕ್ರಿಸ್‌ಮಸ್‌ನಲ್ಲಿ ನೆಸ್ಸಾ ಮಂಡಿಯೂರಿ ಸ್ಮಿಥಿಯನ್ನು ಮದುವೆ ಆಗ್ತೀಯಾ ಅಂತ ಕೇಳಿದ್ದಳು, ಉತ್ತರ ಬರುವ ಮುಂಚೆ ಕಂತು ಮುಗಿದಿತ್ತು. ಆ ಉತ್ತರಕ್ಕೆ ಐದು ವರ್ಷ ಕಾಯಿಸಿದ್ದಾರೆ! ಆ ರಾತ್ರಿಯೇ 1.2 ಕೋಟಿಗೂ ಜಾಸ್ತಿ ಜನ ನೋಡಿದರು. ‘ಐಪ್ಲೇಯರ್‌ನಲ್ಲಿ ನಾಳೆ ನೋಡಬಹುದಲ್ವಾ?’ ಅಂತ ಮಗಳು ಕೇಳಿದಳು, ಅದು ಬಿಬಿಸಿಯ ಆನ್‌ಲೈನ್ ಸೇವೆ. ಅಜ್ಜಿ ತಿರುಗಿಯೂ ನೋಡಲಿಲ್ಲ. ನಾಳೆ ಬೆಳಿಗ್ಗೆ ತಂಗಿಯ ಫೋನು ಬರುತ್ತೆ, ಅಷ್ಟರೊಳಗೆ ನೋಡಿರಬೇಕು ಅಂದರು. ತಂಗಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ಹೆಸರುಗಳು ಬರುತ್ತಿದ್ದ ಹಾಗೇ ಫೋನ್ ಹೊಡೆದುಕೊಂಡಿತು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನಾವು ಕೈಸನ್ನೆಯಲ್ಲೇ ಹೇಳಿ ಹೊರಟೆವು.