ಅಕ್ಕೋರು ಕಡಲಿಗಿಳಿದ ಭಾನುವಾರ

ಈಜು 1.9 ಕಿಲೋಮೀಟರ್, ಸೈಕಲ್ 90, ಓಟ 21.1. ಒಂದರ ಬೆನ್ನಿಗೆ ಇನ್ನೊಂದು, ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ಇದಕ್ಕೆ ಅರ್ಧ ಐರನ್‌ಮ್ಯಾನ್ ದೂರ ಅನ್ನುತ್ತಾರೆ. ಪೂರ್ತಿ ದೂರ ಇದರ ದುಪ್ಪಟ್ಟು. 1978ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ ಮೊದಲ ಸಲ ಈ ಮೂರನ್ನೂ ಒಂದೇ ದಿನಕ್ಕೆ ಪೋಣಿಸಿದಾಗ ಹೊರಟವರು 15 ಮಂದಿ, ಗುರಿ ಮುಟ್ಟಿದವರು 12. ನಮ್ಮ ಪಕ್ಕದ ಗೋವಾಕ್ಕೆ ಅರ್ಧ ದೂರದ ಸ್ಪರ್ಧೆ ಬಂದದ್ದು 2019ರಲ್ಲಿ. ಆಮೇಲೆ ಕಾರವಾರದ ಕಡೆಯೂ ಅದರ ಮಾತು ಶುರುವಾಯಿತು. ನಾನು ಸ್ಪರ್ಧಿಸಿದ್ದು ಮಾತ್ರ ಇಲ್ಲೇ, ನಮ್ಮ ಭಾಗದ ಈಜುವವರೂ ಸೈಕಲ್ ಹೊಡೆಯುವವರೂ ಸೇರಿ ಜನವರಿಯ ಒಂದು ಭಾನುವಾರ ನಡೆಸಿದ ಚಿಕ್ಕ ಸ್ಪರ್ಧೆಯಲ್ಲಿ. ಹೈಸ್ಕೂಲಿನಲ್ಲಿ ಪಾಠ ಹೇಳುವವಳು ನಾನು, ಊರವರ ಬಾಯಲ್ಲಿ ಅಕ್ಕೋರು. ವಯಸ್ಸು ನಲವತ್ತು ದಾಟಿದೆ.

ಅಂಕೋಲೆಯ ಹತ್ತಿರ, ಕಡಲ ಸದ್ದು ಕೇಳುವ ಮನೆಯಲ್ಲಿ ಬೆಳೆದರೂ ನನಗೆ ಈಜು ಬರುತ್ತಿರಲಿಲ್ಲ. ನಮ್ಮ ಕೇರಿಯ ಯಾವ ಹುಡುಗಿಗೂ ಬರುತ್ತಿರಲಿಲ್ಲ. ಅಮಾವಾಸ್ಯೆಯ ಸಮುದ್ರಸ್ನಾನದ ದಿನ ಅಜ್ಜಿ ಕೈ ಬಿಗಿಯಾಗಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಮೂರು ಮುಳುಗು ಹಾಕಿಸಿ ದಡಕ್ಕೆ ತರುತ್ತಿದ್ದಳು. ಅಲ್ಲಿಗೆ ಮುಗಿಯಿತು. ಅಘನಾಶಿನಿಯಲ್ಲಿ ಸೊಂಟಮಟ್ಟದ ನೀರಲ್ಲಿ ನಿಂತು ಗಂಟೆಗಟ್ಟಲೆ ಬಳಚು, ಅಂದರೆ ಚಿಪ್ಪುಮೀನು, ಆರಿಸುವ ಹೆಂಗಸರಿದ್ದಾರೆ. ಅವರಲ್ಲೂ ಈಜು ಬಾರದವರು ಎಷ್ಟೋ ಜನ. ಗಂಡುಹುಡುಗರು ಹೊಳೆಯಲ್ಲಿ ಬಿದ್ದು ಎದ್ದು ತಾವಾಗಿ ಕಲಿತುಬಿಡುತ್ತಾರೆ, ಹೆಣ್ಣುಮಕ್ಕಳನ್ನು ಚಪ್ಪಲಿ ಕಾಯಲು ದಡದಲ್ಲಿ ಕೂರಿಸುತ್ತೇವೆ. ನೀರಿನ ನಡುವೆಯೇ ಇರುವ ಜಿಲ್ಲೆ ನಮ್ಮದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಇಲ್ಲೇ ಕಡಲು ಸೇರುತ್ತವೆ. ಇಂಥಲ್ಲಿ ಹುಟ್ಟಿದ ಮಗುವಿಗೆ ಈಜು ಬಾರದಿರುವುದು ನನಗೆ ಬಹಳ ವರ್ಷಗಳಿಂದ ಸಂಕಟದ ವಿಷಯ. ಮಗಳಿಗಾದರೂ ಕಲಿಸೋಣ ಎಂದು ಈಜುಕೊಳಕ್ಕೆ ಕರೆದುಕೊಂಡು ಹೋದವಳು ಅವಳ ಜೊತೆ ನಾನೂ ಇಳಿದೆ. ಅಲ್ಲಿಂದ ಕೊಲ್ಲಿಗೆ, ಕೊಲ್ಲಿಯಿಂದ ಈ ಸ್ಪರ್ಧೆಗೆ.

ಕಾರವಾರದ ಕೊಲ್ಲಿ ಈಜಲು ಹೇಳಿ ಮಾಡಿಸಿದ ಹಾಗಿದೆ. ಎದುರಿಗೆ ಕೂರ್ಮಗಡ, ದೇವಗಡ ನಡುಗಡ್ಡೆಗಳು ಅಡ್ಡ ನಿಂತು ದೊಡ್ಡ ಅಲೆಗಳನ್ನು ಅಲ್ಲೇ ತಡೆಯುತ್ತವೆ. ಮಳೆಗಾಲದಲ್ಲಿ ಇದರ ಮುಖವೇ ಬೇರೆ. ಆದರೆ ದೀಪಾವಳಿ ಕಳೆದ ಮೇಲೆ, ಬೆಳಗಿನ ಹೊತ್ತು, ಗಾಳಿ ಇನ್ನೂ ಘಟ್ಟದ ಕಡೆಯಿಂದ ಮೆಲ್ಲಗೆ ಬೀಸುತ್ತಿರುವಾಗ, ರವೀಂದ್ರನಾಥ ಟ್ಯಾಗೋರ್ ಕಡಲತೀರದ ನೀರು ಮಡಿಕೆ ಬೀಳದ ಸೀರೆಯಂತೆ ಹಾಸಿರುತ್ತದೆ. ಏಳು ಗಂಟೆಗೆ ಸೀಟಿ ಊದಿದರು. ನೀರು ಬೆಚ್ಚಗೇ ಇತ್ತು. ಯುರೋಪಿನವರು ಹಾಕುವ ರಬ್ಬರಿನ ಸೂಟು ನಮ್ಮ ಕಡಲಿಗೆ ಬೇಡವೇ ಬೇಡ.

ಮೊದಲ ಐದು ನಿಮಿಷ ಕೈಕಾಲುಗಳ ಗಲಾಟೆ. ಯಾರದೋ ಹಿಮ್ಮಡಿ ಕನ್ನಡಕಕ್ಕೆ ತಾಗಿತು, ಯಾರದೋ ಕೈ ಬೆನ್ನ ಮೇಲೆ ಬಿತ್ತು. ಆಮೇಲೆ ಗುಂಪು ಚದುರಿ ನನ್ನದೇ ಉಸಿರು ನನಗೆ ಕೇಳತೊಡಗಿತು. ಮುಖ ನೀರೊಳಗಿದ್ದಾಗ ಬೈತಖೋಲ ಬಂದರಿನಿಂದ ಹೊರಟ ಟ್ರಾಲರ್ ಇಂಜಿನ್ನಿನ ಸದ್ದು ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ. ತಲೆ ಎತ್ತಿದರೆ ದೋಣಿ ಎಲ್ಲೋ ದೂರದಲ್ಲಿ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಹರಿಯುತ್ತದೆ ಎಂದು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೇನೆ. ಅಲ್ಲಿ ಅದು ಕಿವಿಯಲ್ಲೇ ಇತ್ತು.

ಕೊಳದಲ್ಲಿ ತಳಕ್ಕೆ ಕಪ್ಪು ಗೆರೆ ಇರುತ್ತದೆ, ಕಡಲಲ್ಲಿ ಇಲ್ಲ. ಎಂಟು ಹತ್ತು ಕೈ ಹಾಕಿದ ಮೇಲೊಮ್ಮೆ ಕಣ್ಣಷ್ಟನ್ನೇ ನೀರಿನ ಮೇಲೆತ್ತಿ ದಿಕ್ಕು ನೋಡಿಕೊಳ್ಳಬೇಕು. ಹೋಗುವಾಗ ದೇವಗಡದ ದೀಪಸ್ತಂಭ ಗುರುತಾಯಿತು. ನೀರು ಇಳಿಯುವ ಹೊತ್ತು, ಕಾಳಿಯ ನೀರೂ ಕಡಲಿಗೆ ಧಾವಿಸುತ್ತಿತ್ತು. ಕಾವಲಿಗಿದ್ದ ಪಾತಿ ದೋಣಿ ಹತ್ತಿರ ಬಂತು. ಹುಟ್ಟು ಹಿಡಿದವರು ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ.

"ಅಕ್ಕೋರೆ, ಎಡಕ್ಕೆ ಎಳೀತದೆ. ಬಲಕ್ಕೇ ಹಿಡೀರಿ, ಬಲಕ್ಕೆ!"

ಬಲಕ್ಕೆ ಹಿಡಿದೆ. ತಿರುವಿನ ತೇಲುಗುಂಡು ಸರಿಯಾಗಿ ಮೂಗಿನ ನೇರಕ್ಕೆ ಸಿಕ್ಕಿತು. ಮರಳುವಾಗ ಸೂರ್ಯ ಊರಿನ ಹಿಂದಿನ ಗುಡ್ಡ ಹತ್ತಿ ಕಣ್ಣಿಗೇ ಹೊಡೆಯುತ್ತಿದ್ದ. ಗಾಳಿಮರಗಳ ಸಾಲು, ಜನ, ಮರಳು ಎಲ್ಲ ಒಂದೇ ಬಿಳುಪು. ಆ ಬಿಳುಪಿನಲ್ಲಿ ದಡದ ಮೇಲೆ ನಿಲ್ಲಿಸಿಟ್ಟಿರುವ ಚಪಲ್ ಯುದ್ಧನೌಕೆಯ ಬೂದು ಮೈ ಒಂದೇ ಸ್ಪಷ್ಟ. ಅದನ್ನೇ ನೋಡುತ್ತ ಬಂದೆ. ಕೈಗೆ ಮರಳು ತಾಗಿದಾಗ ಐವತ್ತೆರಡು ನಿಮಿಷವಾಗಿತ್ತು. ಈಜಿಗೆ ಇದ್ದ ಗಡುವು ಒಂದು ಗಂಟೆ ಹತ್ತು ನಿಮಿಷ.

ಸೈಕಲ್ ನಿಲ್ಲಿಸಿದ ಜಾಗದಲ್ಲಿ ಬಾಟಲಿಯ ನೀರು ಸುರಿದು ಬೆರಳ ಸಂದಿಯ ಮರಳನ್ನು ಒಂದೊಂದಾಗಿ ತೊಳೆದೆ. ಕಾಲುಚೀಲದೊಳಗೆ ಉಳಿದ ಚಿಟಿಕೆ ಮರಳು ಓಟದ ಹೊತ್ತಿಗೆ ಗುಳ್ಳೆಯಾಗುತ್ತದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಮೊದಲು ಸೈಕಲ್ ಮುಟ್ಟುವಂತಿಲ್ಲ, ಅದು ನಿಯಮ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನಡುವೆ 12 ಮೀಟರ್ ಅಂತರ ಬೇಕು.

ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟೆವು. ಬಿಣಗಾದ ಏರು ಕಳೆದರೆ ಅರ್ಗಾ, ನೌಕಾನೆಲೆಯ ಉದ್ದನೆಯ ಗೋಡೆ, ಅಮದಳ್ಳಿ, ಹಾರವಾಡ, ಅವರ್ಸಾ. ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿದ ರಸ್ತೆ. ಆದರೆ ಇಲ್ಲಿ ಇಷ್ಟೊಂದು ಏರಿಳಿತ ಇರುವುದು ತೊಡೆಗಳಿಗೆ ಗೊತ್ತಾಗುವುದು ಸೈಕಲ್ ಮೇಲೆಯೇ. ಏರಿನಲ್ಲಿ ಹಲ್ಲು ಕಚ್ಚಿ ತುಳಿಯುವ ಆಸೆಯಾಗುತ್ತದೆ. ಶಿರಸಿಯ ಡಾಕ್ಟರ್ ಗೆಳತಿಯೊಬ್ಬಳು, ಇಂಥ ಸ್ಪರ್ಧೆಗಳನ್ನು ಮುಗಿಸಿ ಅನುಭವ ಇದ್ದವಳು, ತಿಂಗಳುಗಟ್ಟಲೆ ಒಂದೇ ಮಾತು ಹೇಳಿದ್ದಳು: "ಸೈಕಲ್ಲಿನಲ್ಲಿ ಉಳಿಸಿದ್ದೇ ಓಟಕ್ಕೆ ಸಿಗೂದು ಮಾರಾಯ್ತಿ." ಹಾಗಾಗಿ ಏರಿನಲ್ಲಿ ಹಗುರ ಗೇರು, ಮಾತಾಡಲು ಬರುವಷ್ಟು ಉಸಿರು, ಪ್ರತಿ ಇಪ್ಪತ್ತು ನಿಮಿಷಕ್ಕೆ ಏನಾದರೂ ಒಂದು ತುತ್ತು. ಬೇಯಿಸಿದ ಬಟಾಟೆಗೆ ಉಪ್ಪು ಹಚ್ಚಿಟ್ಟಿದ್ದೆ, ಖರ್ಜೂರ ಇತ್ತು, ಬಾಳೆಹಣ್ಣಿತ್ತು. ದೂರದ ಸ್ಪರ್ಧೆಯಲ್ಲಿ ದೇಹಕ್ಕೆ ಗಂಟೆಗೆ ಸುಮಾರು 60 ಗ್ರಾಂ ಶರ್ಕರಪಿಷ್ಟ ಒದಗಿಸುತ್ತ ಹೋಗಬೇಕು. ಹಸಿವಾದ ಮೇಲೆ ತಿಂದರೆ ತಡವಾಗಿರುತ್ತದೆ.

ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಬೆಲ್ಲ, ಲಿಂಬೆ, ಸಾಣಿಕಟ್ಟೆಯ ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಅಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು. ಅದನ್ನು ತುಂಬಿಕೊಳ್ಳದೆ ಬರೀ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಮಂಕಾಗುತ್ತದೆ, ಜೀವಕ್ಕೂ ಅಪಾಯ. 1930ರಲ್ಲಿ ಉಪ್ಪಿನ ಕಾನೂನು ಮುರಿದ ಅಂಕೋಲೆಯನ್ನು ಆ ಬಾಟಲಿಯಿಂದ ಗುಟುಕರಿಸುತ್ತಲೇ ದಾಟಿದೆ. ರಸ್ತೆಬದಿಯಲ್ಲಿ ನನ್ನ ತಮ್ಮ, ಅವನ ಹೆಂಡತಿ, ಆಯಿ ನಿಂತಿದ್ದರು. ಆಯಿ ಕೂಗಿದ್ದು ಒಂದೇ: "ನೀರು ಕುಡಿದ್ಯಾ?"

ಸೈಕಲ್ ತಿರುಗಿಸುವ ಜಾಗ ಶಿರೂರಿನ ಹತ್ತಿರ, ಗಂಗಾವಳಿಯ ಪಕ್ಕ. 2024ರ ಜುಲೈ 16ರ ಬೆಳಿಗ್ಗೆ ಇಲ್ಲೇ ಗುಡ್ಡ ಕುಸಿದು ಹೆದ್ದಾರಿಯನ್ನೂ ಚಹಾ ಅಂಗಡಿಯನ್ನೂ ಜನರನ್ನೂ ಹೊಳೆಗೆ ತಳ್ಳಿತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಆ ಅಂಗಡಿಯಲ್ಲಿ ಚಹಾ ಕುಡಿದವರು ನಮ್ಮಲ್ಲಿ ಎಷ್ಟೋ ಜನ, ನಾನೂ ಕುಡಿದಿದ್ದೇನೆ. ರಸ್ತೆಗೆ ಜಾಗ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮಳೆಯ ನೀರು ಕುಡಿದ ಮಣ್ಣು ನಿಲ್ಲುವುದು ಯಾವುದರ ಆಧಾರದಲ್ಲಿ? ಬಸ್ಸಿನಲ್ಲಿ ಹೋಗುವಾಗ ಆ ಜಾಗ ಅರೆ ನಿಮಿಷದಲ್ಲಿ ಹಿಂದೆ ಸರಿಯುತ್ತದೆ. ಸೈಕಲ್ ನಿಧಾನ ಮಾಡಿ, ಕಾಲು ಊರಿ, ಬಯಲಾದ ಕೆಂಪು ಮಣ್ಣನ್ನು ಬುಡದಿಂದ ತಲೆಯವರೆಗೆ ನೋಡಿದೆ. ಸ್ಪರ್ಧೆಯ ಗಡಿಯಾರ ಓಡುತ್ತಿತ್ತು, ಓಡಲಿ. ಕೈ ಮುಗಿದು ಸೈಕಲ್ ತಿರುಗಿಸಿದೆ.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತ್ತು. ನೆಲ ಕಾದಂತೆಲ್ಲ ಕಡಲಗಾಳಿ ವಾಯವ್ಯದಿಂದ ಏಳುತ್ತದೆ, ಕಾರವಾರಕ್ಕೆ ಮರಳುವುದೆಂದರೆ ಅದಕ್ಕೆ ಎದೆ ಕೊಟ್ಟೇ ಹೋಗಬೇಕು. ಹೋಗುವಾಗಿನ ದೂರಕ್ಕೆ ಒಂದೂ ಮುಕ್ಕಾಲು ಗಂಟೆ, ಬರುವಾಗ ಎರಡು ಗಂಟೆಗೂ ಮೇಲೆ. ಈ ಭಾಗದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತಲೆ ತಗ್ಗಿಸಿ ತುಳಿದೆ, ಕುಡಿದೆ, ಮತ್ತೆ ತುಳಿದೆ.

ಸೈಕಲ್ ಇಳಿದು ಓಡಲು ಹೊರಟರೆ ಕಾಲುಗಳು ಬೇರೆ ಯಾರದೋ ಅನ್ನಿಸುತ್ತವೆ. ನಾಲ್ಕು ಗಂಟೆ ಗುಂಡಗೆ ತಿರುಗಿದ ಸ್ನಾಯುಗಳಿಗೆ ನೆಲವನ್ನು ಒದೆಯುವ ಕೆಲಸ ನೆನಪಾಗಲು ಎರಡು ಕಿಲೋಮೀಟರಾದರೂ ಬೇಕು. ಕಡಲತೀರದಿಂದ ಕೋಡಿಬಾಗ ಹಾದು ಕಾಳಿ ಸೇತುವೆಯ ಬುಡ, ಅಲ್ಲಿಂದ ವಾಪಸು. ಹೀಗೆ ಮೂರು ಸುತ್ತು. ಹೊತ್ತು ನಡು ಮಧ್ಯಾಹ್ನ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆವಿಯಾದರೆ ಮಾತ್ರ ಮೈ ತಣಿಯುವುದು. ಗಾಳಿಯೇ ತೇವದಿಂದ ತುಂಬಿದ್ದರೆ ಅದು ಬರೀ ಸೋರಿ ಹೋಗುತ್ತದೆ, ಒಳಗಿನ ಕಾವು ಒಳಗೇ ಉಳಿಯುತ್ತದೆ. ಅದೇ ವೇಗದಲ್ಲಿ ಓಡುತ್ತಿದ್ದರೂ ಎದೆಬಡಿತ ಏರುತ್ತಲೇ ಹೋಗುತ್ತದೆ. ಗಡಿಯಾರದಲ್ಲಿ ಅದನ್ನು ನೋಡುತ್ತ ವೇಗ ಇಳಿಸಿದೆ.

ಎರಡನೇ ಸುತ್ತಿನ ಕೊನೆಗೆ ಮೀನಖಂಡ ಸೆಟೆಯಿತು. ನಿಂತೆ. ಕಪ್ಪು ಚಡ್ಡಿಯ ಮೇಲೆ ಉಪ್ಪು ಬಿಳಿ ಗೆರೆಗಳಾಗಿ ಒಣಗಿತ್ತು, ಒಂದರೊಳಗೊಂದು, ತೆರೆ ಹಿಂದೆ ಸರಿದಾಗ ಮರಳಲ್ಲಿ ಉಳಿಯುವಂಥವೇ. ಬೆರಳಿನಿಂದ ಉಜ್ಜಿದರೆ ಪುಡಿ ಉದುರಿತು. ಸ್ವಲ್ಪ ಮುಂದೆ ನೀರು ಕೊಡುವ ಮೇಜಿನ ಬಳಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯರಿದ್ದರು. ಬಂದರಿನಿಂದ ತಂದ, ಮೀನಿಗೆ ಹಾಕುವ ಐಸನ್ನು ಗೋಣಿಯಲ್ಲಿಟ್ಟು ಕಲ್ಲಿನಿಂದ ಕುಟ್ಟುತ್ತಿದ್ದರು. ಒಬ್ಬಳು ಕರವಸ್ತ್ರದಲ್ಲಿ ಐಸು ಕಟ್ಟಿ ನನ್ನ ಟೋಪಿಯೊಳಗಿಟ್ಟಳು. ಇನ್ನೊಬ್ಬಳು ಸ್ಟೀಲ್ ಲೋಟದಲ್ಲಿ ಉಪ್ಪು ಹಾಕಿದ ಮುರುಗಲು ಪಾನಕ ತಂದಳು. ದೋಣಿಯವರ ಮಗಳು ಕೆಳಗೆ ಕೂತು ನನ್ನ ಮೀನಖಂಡವನ್ನು ಎರಡೂ ಹೆಬ್ಬೆರಳಿನಿಂದ ಒತ್ತತೊಡಗಿದಳು. ಅಷ್ಟು ಗಟ್ಟಿ ಕೈ ಆ ಮಗುವಿಗೆ.

"ಇನ್ನೂ ಒಂದು ಸುತ್ತು ಉಂಟಾ ಅಕ್ಕೋರೆ?"

"ಉಂಟು."

"ನಾವು ಬರಬಹುದಾ ಸ್ವಲ್ಪ ದೂರ?"

ಹೊರಗಿನವರು ಸ್ಪರ್ಧಿಯ ಜೊತೆ ಓಡುವಂತಿಲ್ಲ. ಹಾಗೆಂದು ಹೇಳಿದೆ. ಅವರು ರಸ್ತೆಯ ಆಚೆ ಬದಿಗೆ ಹೋಗಿ, ಅಲ್ಲಿಂದಲೇ, ಪಾಠದಲ್ಲಿ ನಾನು ಹಾಜರಿ ಕೂಗುವ ಧಾಟಿಯಲ್ಲಿ ನನ್ನ ಹೆಸರು ಕೂಗಿದರು.

ಕೊನೆಯ ಸುತ್ತಿನಲ್ಲಿ ನಡೆದೆ, ಓಡಿದೆ, ಮತ್ತೆ ನಡೆದೆ. ಕಾಳಿಯ ಬಾಯಲ್ಲಿ ಗಾಳಿ ಜೋರಾಗಿ ಆಚೆಯ ಸದಾಶಿವಗಡದ ಗುಡ್ಡ ಬಿಸಿಲಲ್ಲಿ ಅಲುಗುತ್ತಿತ್ತು. 2024ರ ಆಗಸ್ಟಿನ ರಾತ್ರಿ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದದ್ದು ಇಲ್ಲೇ. ಚಾಲಕ ಬದುಕಿ ಬಂದ. ಹೊಳೆ ನೋಡುತ್ತ ಆ ಕತ್ತಲೆಯ ನೀರನ್ನು ನೆನೆದೆ. ಬಿದ್ದವನನ್ನು ಎತ್ತಿ ತರುವವರು ನಮ್ಮಲ್ಲಿ ಇದ್ದಾರೆ. ಬಿದ್ದಾಗ ಯಾರಾದರೂ ಬರುವ ತನಕ ತೇಲಿಕೊಂಡಿರಲು ಬರುವವರು ಎಷ್ಟು ಜನ? ಸೇತುವೆಯ ಬುಡದಲ್ಲಿ ತಿರುಗಿದೆ.

ಗುರಿ ಮುಟ್ಟಿದಾಗ ಏಳು ಗಂಟೆ ನಲವತ್ತಾರು ನಿಮಿಷ. ಮೈಯೆಲ್ಲ ನಡುಗುವಷ್ಟು ಸಂತೋಷವಾಯಿತು. ಶಿರಸಿಯ ಗೆಳತಿ ಬಂದು ತಬ್ಬಿಕೊಂಡಳು, ಇಬ್ಬರೂ ಅತ್ತೆವು. ಮಗಳು ಕುಚ್ಚಲಕ್ಕಿ ಗಂಜಿಯ ಡಬ್ಬಿ ತೆರೆದು, ಮಾವಿನಮಿಡಿಯ ಉಪ್ಪಿನಕಾಯಿ ಹಾಕಿ ಕೊಟ್ಟಳು. ಅದನ್ನು ಕುಡಿಯುತ್ತಿರುವಾಗ ದೋಣಿ ಮೇಲೆಳೆದಿಟ್ಟು ಹುಡುಗಿಯ ತಂದೆ ಬಂದರು.

"ಮುಗೀತಾ ಅಕ್ಕೋರೆ? ಬೆಳಿಗ್ಗೆ ನೀರಲ್ಲಿ ಚಲೋ ಇತ್ತು ನಿಮ್ದು. ಉಸುರು ಎಲ್ಲೂ ಕೆಡಲಿಲ್ಲ."

ಕಡಲಲ್ಲೇ ಹುಟ್ಟಿ ಬೆಳೆದವರ ಬಾಯಿಂದ ಬಂದ ಮಾತು. ನಮಸ್ಕಾರ ಮಾಡಿದೆ. ಅವರು ಮಗಳ ಕಡೆ ನೋಡಿ ಸ್ವಲ್ಪ ತಡೆದು ಹೇಳಿದರು:

"ನಮ್ಮ ಹುಡುಗಿ ತಾನೂ ಕಲೀಬೇಕು ಹೇಳ್ತದೆ. ನಾ ಇಷ್ಟು ದಿನ ಬೇಡ ಹೇಳ್ದೆ. ನೀವು ಇಳಿಸೂದಾದ್ರೆ ಮಳೆಗಾಲಕ್ಕೆ ಮುಂಚೆ ಇಳಿಸಿ. ಭರತಿ ಇದ್ದಾಗ ಮಾತ್ರ, ನೀರು ಏರುವಾಗ. ದೋಣಿ ನಾ ತರ್ತೆ."

ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ. ಪಾಲಕರ ಒಪ್ಪಿಗೆ ಪತ್ರ ಬೇಕು, ಜೀವರಕ್ಷಕ ಜಾಕೆಟ್ಟುಗಳು ಬೇಕು, ಮೊದಲ ತಿಂಗಳು ಎದೆಮಟ್ಟದ ನೀರು ದಾಟುವಂತಿಲ್ಲ. ಮಲಗಿ ತೇಲುವುದರಿಂದ ಶುರುಮಾಡುತ್ತೇವೆ, ಕೈ ಹಾಕುವುದು ಆಮೇಲೆ. ಈಜುಡುಗೆಯ ಮಾತೆತ್ತಿದಾಗ ತಾಯಂದಿರು ಹಿಂದೆ ಸರಿದರು. ಮೈಗೆ ಅಂಟುವ ಉದ್ದ ತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ಸಾಕು ಎಂದ ಮೇಲೆ ಒಪ್ಪಿದ್ದಾರೆ. ಮೀನು ಮಾರುವ ಒಬ್ಬ ತಾಯಿ, ಭಾನುವಾರ ಪೇಟೆ ಬೇಗ ಮುಗಿದರೆ ತಾನೂ ಇಳಿಯುತ್ತೇನೆ ಎಂದು ಹೆಸರು ಬರೆಸಿದ್ದಾಳೆ.